ಗೊತ್ತಿದ್ದೂ ಮಾಡಲಾಗದ ಮಗುವಿಗೆ: ಆಕ್ಯುಪೇಷನಲ್ ಥೆರಪಿಯ ದಾರಿಯಲ್ಲಿ ಮನೆಯ ಅಭ್ಯಾಸ

ಬೆಳಿಗ್ಗೆ 7.45. ಶಾಲೆಯ ವ್ಯಾನ್ ಬರುವುದು 8 ಗಂಟೆಗೆ. ಮೂರನೇ ತರಗತಿಯ ಹುಡುಗ ಮಂಚದ ಅಂಚಿನಲ್ಲಿ ಕುಳಿತಿದ್ದಾನೆ. ಒಂದು ಕಾಲುಚೀಲ ಕಾಲಿನಲ್ಲಿದೆ, ಇನ್ನೊಂದು ಕೈಯಲ್ಲಿದೆ, ಕಣ್ಣು ಮಾತ್ರ ಕಿಟಕಿಯಾಚೆ ನೀರಿನ ಟ್ಯಾಂಕರ್ ಹಿಂದೆ ಸರಿಯುವುದನ್ನು ನೋಡುತ್ತಿದೆ. "ಪುಟ್ಟಾ, ಶೂ ಹಾಕ್ಕೊಂಡ್ಯೇನೋ?" ಎಂದು ಅಡುಗೆಮನೆಯಿಂದ ತಾಯಿ ಕೂಗುತ್ತಿರುವುದು ಇದು ನಾಲ್ಕನೆಯ ಸಲ. "ಹಾಕ್ಕೋತಿದೀನಿ ಅಮ್ಮಾ" ಎಂದು ಅವನು ಉತ್ತರಿಸುತ್ತಾನೆ, ಹಾಗೆ ಹೇಳುವಾಗ ತಾನು ನಿಜವಾಗಿಯೂ ಹಾಕಿಕೊಳ್ಳುತ್ತಿದ್ದೇನೆ ಎಂದೇ ನಂಬಿರುತ್ತಾನೆ. ಇಂಥ ಮಕ್ಕಳನ್ನು ನಾವು ಸೋಮಾರಿ, ಮರೆಗುಳಿ, ಹೇಳಿದ ಮಾತು ಕೇಳದವನು ಎಂದೆಲ್ಲ ಕರೆದುಬಿಡುತ್ತೇವೆ. ಮುಂದಿನ ಕೆಲಸ ಏನೆಂದು ಕೇಳಿದರೆ ಅವನು ತಡವರಿಸದೆ ಹೇಳಬಲ್ಲ. ತೊಡಕಿರುವುದು ಗೊತ್ತಿರುವುದನ್ನು ಸಮಯಕ್ಕೆ ಸರಿಯಾಗಿ, ಅನುಕ್ರಮವಾಗಿ ಮಾಡಿ ಮುಗಿಸುವುದರಲ್ಲಿ. ಆ ತೊಡಕನ್ನು ಮನೆಯ ಕೆಲಸಗಳ ಮೂಲಕವೇ ಸಡಿಲಿಸುವುದು ಹೇಗೆಂಬುದು ಈ ಲೇಖನದ ವಿಷಯ.

ಎರಡು ಪದಗಳ ಪರಿಚಯ

ಗುರಿ ಇಟ್ಟುಕೊಂಡು ಒಂದು ಕೆಲಸವನ್ನು ಆರಂಭಿಸಿ, ನಡುವೆ ದಾರಿ ತಪ್ಪದೆ, ಅಗತ್ಯ ಬಿದ್ದಾಗ ರೀತಿಯನ್ನು ಬದಲಿಸಿಕೊಂಡು ಮುಗಿಸಲು ನೆರವಾಗುವ ಮಿದುಳಿನ ಸಾಮರ್ಥ್ಯಗಳನ್ನು ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುತ್ತಾರೆ. ಕನ್ನಡದಲ್ಲಿ ಕಾರ್ಯನಿರ್ವಹಣಾ ಕೌಶಲ ಎನ್ನಬಹುದು. ಮನೋವಿಜ್ಞಾನಿ ಅಕಿರಾ ಮಿಯಾಕೆ ಮತ್ತು ಸಂಗಡಿಗರ ಅಧ್ಯಯನ 2000ದಲ್ಲಿ ಪ್ರಕಟವಾದ ನಂತರ ಇದನ್ನು ಮೂರು ಎಳೆಗಳಾಗಿ ನೋಡುವ ರೂಢಿ ಗಟ್ಟಿಯಾಯಿತು: ಮಾಹಿತಿಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಬಳಸುವ ಕಾರ್ಯಸ್ಮೃತಿ, ತಕ್ಷಣದ ಸೆಳೆತವನ್ನು ತಡೆಯುವ ಹಿಡಿತ, ಮತ್ತು ನಿಯಮ ಬದಲಾದಾಗ ತಾನೂ ಬದಲಾಗುವ ಹೊಂದಿಕೆ. ಇವುಗಳಿಗೆ ಬಹುಮಟ್ಟಿಗೆ ಆಧಾರವಾಗಿರುವ ಹಣೆಯ ಹಿಂಬದಿಯ ಮಿದುಳಿನ ಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಎಂಟು ವರ್ಷದ ಮಗುವಿನಿಂದ ದೊಡ್ಡವರ ಶಿಸ್ತನ್ನು ನಿರೀಕ್ಷಿಸುವುದು ಎಷ್ಟು ಅನ್ಯಾಯ ಎಂಬುದು ಇದರಿಂದಲೇ ತಿಳಿಯುತ್ತದೆ.

ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವಿನ ಅಂತರವನ್ನು ಕಣ್ಣಾರೆ ನೋಡಬೇಕೆನಿಸಿದರೆ ಮನೆಯಲ್ಲಿ ಮೂರು ವರ್ಷದ ಮಗುವಿದ್ದಾಗ ಹೀಗೆ ಮಾಡಿ. ಎರಡು ಡಬ್ಬಿ ಇಟ್ಟು ಒಂದಕ್ಕೆ ಕೆಂಪು ಬಸ್ಸಿನ, ಇನ್ನೊಂದಕ್ಕೆ ನೀಲಿ ಹೂವಿನ ಚಿತ್ರ ಅಂಟಿಸಿ. ಮಗುವಿನ ಕೈಗೆ ಕೆಂಪು ಹೂವಿನ ಮತ್ತು ನೀಲಿ ಬಸ್ಸಿನ ಚೀಟಿಗಳನ್ನು ಕೊಟ್ಟು ಮೊದಲು ಬಣ್ಣ ನೋಡಿ ಹಾಕಲು ಹೇಳಿ. ಅದು ಸಲೀಸಾಗಿ ಹಾಕುತ್ತದೆ. ಬಳಿಕ "ಈಗ ಬಣ್ಣ ಬೇಡ, ಚಿತ್ರ ನೋಡಿ ಹಾಕು" ಎನ್ನಿ. ಆ ವಯಸ್ಸಿನ ಹೆಚ್ಚಿನ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿಯೇ ಹೇಳುತ್ತಾರೆ, ಆದರೆ ಕೈ ಮಾತ್ರ ಹಳೆಯ ಡಬ್ಬಿಯ ಕಡೆಗೇ ಹೋಗುತ್ತದೆ. ಐದರ ಹೊತ್ತಿಗೆ ಬಹುತೇಕ ಮಕ್ಕಳು ಇದನ್ನು ದಾಟುತ್ತಾರೆ. ಶಾಲೆಗೆ ಹೋಗುವ ಮಕ್ಕಳಲ್ಲಿಯೂ ಇದೇ ಬಗೆಯ ಅಂತರ ಇನ್ನೂ ಕಠಿಣವಾದ ಕೆಲಸಗಳಲ್ಲಿ ಉಳಿದಿರುತ್ತದೆ. ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ), ಆಟಿಸಂ, ಕಲಿಕಾ ನ್ಯೂನತೆ ಇರುವ ಮಕ್ಕಳಲ್ಲಿ ಅನೇಕ ವೇಳೆ ಹೆಚ್ಚು ಕಾಲ ಉಳಿಯುತ್ತದೆ.

ಆಕ್ಯುಪೇಷನಲ್ ಥೆರಪಿಗೆ ಪತ್ರಿಕೆಗಳು ಔದ್ಯೋಗಿಕ ಚಿಕಿತ್ಸೆ ಎಂದು ಬರೆಯುವುದರಿಂದ, "ಮಗುವಿಗೆ ಎಂಥ ಉದ್ಯೋಗ ಸ್ವಾಮಿ?" ಎಂದು ಕೇಳುವ ಅಜ್ಜಂದಿರು ಈಗಲೂ ಇದ್ದಾರೆ. ಇಲ್ಲಿ ಉದ್ಯೋಗವೆಂದರೆ ದಿನವನ್ನು ತುಂಬುವ ಕೆಲಸಗಳು ಎಂದಷ್ಟೇ ಅರ್ಥ. ಮಗುವಿಗೆ ಅವು ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಆಡುವುದು, ಬರೆಯುವುದು. ಥೆರಪಿಸ್ಟ್ ಕೆಲಸವನ್ನು, ಮಗುವನ್ನು, ಸುತ್ತಲ ಪರಿಸರವನ್ನು ಒಟ್ಟಿಗೆ ಪರಿಶೀಲಿಸಿ, ಮೂರರಲ್ಲಿ ಯಾವುದನ್ನು ಬದಲಿಸಿದರೆ ಮಗು ಆ ಕೆಲಸವನ್ನು ತಾನೇ ಮಾಡೀತು ಎಂದು ಹುಡುಕುತ್ತಾರೆ. ಬಿಡಿಯಾಗಿ ಏಕಾಗ್ರತೆಯನ್ನು ಬೆಳೆಸುವ ವ್ಯಾಯಾಮಗಳಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಕಾಲುಚೀಲದ ಏಕಾಗ್ರತೆ ಕಾಲುಚೀಲದಲ್ಲಿಯೇ ಬೆಳೆಯಬೇಕು.

ಹೆಜ್ಜೆ 1: ಒಂದು ವಾರ ತಿದ್ದದೆ ನೋಡಿ

ಹಳೆಯ ನೋಟ್‌ಬುಕ್ ಒಂದನ್ನು ತೆಗೆದುಕೊಂಡು, ದಿನದಲ್ಲಿ ಹೆಚ್ಚು ಜಗಳವಾಗುವ ಒಂದು ಹೊತ್ತನ್ನು ಆರಿಸಿ, ಅಲ್ಲಿ ನಡೆಯುವುದನ್ನು ಒಂದು ವಾರ ಬರೆದಿಡಿ. "ಹೋಂವರ್ಕ್ ಮಾಡಲಿಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ. "ಪುಸ್ತಕ ತೆರೆದ, ಪೆನ್ಸಿಲ್ ಹುಡುಕಲು ಎದ್ದ, ದಾರಿಯಲ್ಲಿ ತಂಗಿಯ ಬೊಂಬೆ ಕಂಡಿತು, ಹತ್ತು ನಿಮಿಷ ಬರಲಿಲ್ಲ" ಎಂದು ಬರೆಯಬೇಕು. ಆಗ ತಡೆ ಎಲ್ಲಿದೆ ಎಂಬುದು ಕಾಣುತ್ತದೆ. ಕೆಲವು ಮಕ್ಕಳಿಗೆ ಆರಂಭಿಸುವುದೇ ಕಷ್ಟ, ಒಮ್ಮೆ ಕುಳಿತರೆ ಮುಗಿಸುತ್ತಾರೆ. ಕೆಲವರು ನಡುವೆ ಜಾರುತ್ತಾರೆ. ಇನ್ನು ಕೆಲವರಿಗೆ ನಿಲ್ಲಿಸುವುದು ಕಷ್ಟ. ಆಟ ಬಿಟ್ಟು ಊಟಕ್ಕೆ ಬಾ ಎಂದರೆ ಮನೆ ಹಾರಿಹೋಗುವಂತೆ ಅಳುತ್ತಾರೆ. ಮೂವರಿಗೂ ಒಂದೇ ಮದ್ದು ಕೊಟ್ಟರೆ ನಡೆಯುವುದಿಲ್ಲ.

ಇದೇ ವಾರದಲ್ಲಿ ನಿದ್ದೆಯನ್ನೂ ಬರೆದಿಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ 11ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುವ ಮಗುವಿನ ಮರೆವಿಗೆ ಬೇರೆ ಕಾರಣ ಹುಡುಕುವ ಮೊದಲು ದೀಪ ಬೇಗ ಆರಿಸಿ ನೋಡಬೇಕು. ಕಣ್ಣು, ಕಿವಿ, ರಕ್ತಹೀನತೆಯ ತಪಾಸಣೆಯೂ ಆಗಿರಲಿ.

ಹೆಜ್ಜೆ 2: ಒಂದೇ ಕೆಲಸ ಆರಿಸಿ

ದಿನವೂ ಬರುವ, ಹತ್ತು ನಿಮಿಷದೊಳಗೆ ಮುಗಿಯುವ, ಮಗುವಿಗೂ ಬೇಕೆನಿಸುವ ಒಂದು ಕೆಲಸ ಸಾಕು. ಹೆಚ್ಚಿನ ತಂದೆತಾಯಂದಿರು ಹೋಂವರ್ಕ್‌ನಿಂದಲೇ ಆರಂಭಿಸಬಯಸುತ್ತಾರೆ, ಅದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಅಲ್ಲಿ ಓದು, ಬರಹ, ಅವಮಾನ, ಅಪ್ಪನ ಸಿಟ್ಟು ಎಲ್ಲವೂ ಒಟ್ಟಿಗೆ ಸೇರಿಕೊಂಡಿರುತ್ತವೆ. ಶೂ ಹಾಕಿಕೊಳ್ಳುವುದು, ಚೀಲ ಜೋಡಿಸುವುದು, ಸಂಜೆ ಊಟದ ತಟ್ಟೆಗಳನ್ನು ಇಡುವುದು ಒಳ್ಳೆಯ ಆರಂಭಗಳು. ಯಾವುದು ಬೇಕೆಂದು ಮಗುವನ್ನೇ ಕೇಳಿ.

ಹೆಜ್ಜೆ 3: ಕೆಲಸವನ್ನು ಬಿಡಿಸಿ, ಕೊನೆಯಿಂದ ಕಲಿಸಿ

ಕಾಲುಚೀಲ ಹಾಕುವುದು ನಮಗೆ ಒಂದು ಕೆಲಸ. ನಿಧಾನವಾಗಿ ಮಾಡಿ ನೋಡಿದರೆ ಆರು ಕೆಲಸಗಳಿವೆ: ಹಿಮ್ಮಡಿಯ ಭಾಗ ಯಾವುದೆಂದು ಗುರುತಿಸಬೇಕು, ಎರಡೂ ಹೆಬ್ಬೆರಳು ಒಳಗಿಟ್ಟು ಬಟ್ಟೆಯನ್ನು ಒಟ್ಟುಗೂಡಿಸಬೇಕು, ಕಾಲು ಎತ್ತಿ ಹಿಡಿಯಬೇಕು, ಬೆರಳುಗಳನ್ನು ತೂರಿಸಬೇಕು, ಹಿಮ್ಮಡಿ ದಾಟಿಸಬೇಕು, ಮೇಲಕ್ಕೆ ಎಳೆಯಬೇಕು. ಮೊದಲು ಕಂಡ ಹುಡುಗನ ಕೈ ಪ್ರತಿದಿನ ನಿಲ್ಲುತ್ತಿದ್ದುದು ಐದನೆಯ ಕಡೆ, ಹಿಮ್ಮಡಿಯಲ್ಲಿ ಬಟ್ಟೆ ಸಿಕ್ಕಿಕೊಂಡಾಗ. ಸಿಕ್ಕಿಕೊಂಡ ಕ್ಷಣದಲ್ಲಿ ಗಮನಕ್ಕೆ ಬಿಡುವು ಸಿಗುತ್ತದೆ, ಕಣ್ಣು ಟ್ಯಾಂಕರ್ ಕಡೆಗೆ ಹೋಗುತ್ತದೆ. ಅಂದರೆ ಗಮನದ ಸಮಸ್ಯೆಯಾಗಿ ಕಂಡದ್ದರಲ್ಲಿ ಅರ್ಧ ಪಾಲು ಬೆರಳುಗಳದ್ದು.

ಇಂಥ ಕಡೆ ಹಿಮ್ಮುಖವಾಗಿ ಕಲಿಸುವುದು ಒಳ್ಳೆಯದು. ಮೊದಲ ಐದನ್ನು ನೀವು ಮಾಡಿಕೊಟ್ಟು, ಮೇಲಕ್ಕೆ ಎಳೆಯುವ ಕೊನೆಯದನ್ನು ಮಾತ್ರ ಮಗುವಿಗೆ ಬಿಡಿ. ಅದು ಸರಾಗವಾದ ಮೇಲೆ ಹಿಮ್ಮಡಿ ದಾಟಿಸುವುದನ್ನೂ ಬಿಡಿ. ಹೀಗೆ ಮಾಡಿದಾಗ ಪ್ರತಿ ಸಲವೂ ಕೆಲಸವನ್ನು ಮುಗಿಸುವವನು ಮಗುವೇ ಆಗುತ್ತಾನೆ. ಮುಂದಿನಿಂದ ಕಲಿಸಿದರೆ ಮಗು ಆರಂಭಿಸಿ ಸೋಲುತ್ತದೆ, ಅಮ್ಮ ಬಂದು ಮುಗಿಸುತ್ತಾಳೆ. ಮುಗಿಸಿದ ಸಂತೋಷ ಅಮ್ಮನಿಗೆ ಸೇರುತ್ತದೆ. ಅಗಲ ಬಾಯಿಯ, ಹಿಮ್ಮಡಿಗೆ ಬೇರೆ ಬಣ್ಣವಿರುವ ಕಾಲುಚೀಲ ಕೊಂಡುಕೊಳ್ಳುವುದೂ ಥೆರಪಿಯೇ.

ಹೆಜ್ಜೆ 4: ನೆನಪನ್ನು ಕಣ್ಣೆದುರಿಗೆ ತನ್ನಿ

ಕಾರ್ಯಸ್ಮೃತಿ ಸಾಲದಿದ್ದಾಗ ತಲೆಯಲ್ಲಿ ಹಿಡಿಯಬೇಕಾದುದನ್ನು ಹೊರಗೆ ಇಡಬೇಕು. ಚೀಲ ಜೋಡಿಸುವ ಕೆಲಸಕ್ಕೆ ಮಗುವಿನದೇ ನೀರಿನ ಬಾಟಲಿ, ಕಂಪಾಸ್ ಡಬ್ಬಿ, ಊಟದ ಡಬ್ಬಿ, ಡೈರಿಗಳ ಫೋಟೊ ತೆಗೆದು, ಮುದ್ರಿಸಿ, ಚೀಲ ತೂಗುಹಾಕುವ ಮೊಳೆಯ ಪಕ್ಕದಲ್ಲಿಯೇ ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ. ಅಂತರ್ಜಾಲದಿಂದ ಇಳಿಸಿದ ಬಣ್ಣಬಣ್ಣದ ಚಾರ್ಟ್‌ಗಿಂತ ಸ್ವಂತ ಬಾಟಲಿಯ ಮಸುಕು ಫೋಟೊ ಹೆಚ್ಚು ಕೆಲಸ ಮಾಡುತ್ತದೆ. ಐದಕ್ಕಿಂತ ಹೆಚ್ಚು ಚಿತ್ರ ಬೇಡ, ಗೋಡೆ ತುಂಬ ಪಟ್ಟಿಗಳಂತೂ ಬೇಡವೇ ಬೇಡ. ಎರಡೇ ವಾರದಲ್ಲಿ ಅವು ಕ್ಯಾಲೆಂಡರಿನ ದೇವರ ಪಟದಂತೆ ಕಣ್ಣಿಗೆ ಬೀಳುವುದನ್ನೇ ನಿಲ್ಲಿಸುತ್ತವೆ.

ಸಮಯವೂ ಕಾಣುವಂತಿರಬೇಕು. "ಇನ್ನು ಹತ್ತು ನಿಮಿಷ" ಎಂಬುದು ಏಳು ವರ್ಷದ ಮಗುವಿಗೆ ಬರಿಯ ಶಬ್ದ. ಮುಳ್ಳಿನ ಗಡಿಯಾರದ ಗಾಜಿನ ಮೇಲೆ 8ರಿಂದ 10ರ ಅಂಕಿಯವರೆಗೆ ಬಣ್ಣದ ಕಾಗದದ ತುಂಡನ್ನು ಅಂಟಿಸಿ, ದೊಡ್ಡ ಮುಳ್ಳು ಆ ಬಣ್ಣ ದಾಟುವುದರೊಳಗೆ ಶೂ ಕಾಲಿನಲ್ಲಿರಬೇಕು ಎಂದರೆ ಕಾಲ ಕಣ್ಣಿಗೆ ಕಾಣುವ ಹರವಾಗುತ್ತದೆ.

ನಿಮ್ಮ ಮಾತಿನ ರೀತಿಯನ್ನೂ ಬದಲಿಸಬೇಕಾಗುತ್ತದೆ. "ಮುಖ ತೊಳ್ಕೊಂಡು, ಯೂನಿಫಾರ್ಮ್ ಹಾಕ್ಕೊಂಡು, ಡಬ್ಬಿ ತಗೊಂಡು, ಅಜ್ಜಿಗೆ ಹೇಳಿ ಬಾ" ಎಂದು ಅಡುಗೆಮನೆಯಿಂದ ಕೂಗಿದರೆ ಮಗುವಿನ ಕಿವಿಯಲ್ಲಿ ಉಳಿಯುವುದು ಹೆಚ್ಚೆಂದರೆ ಕೊನೆಯ ಅಜ್ಜಿ. ಒಲೆ ಸಣ್ಣಗೆ ಮಾಡಿ, ಹತ್ತಿರ ಹೋಗಿ, ಮಗುವಿನ ಮಟ್ಟಕ್ಕೆ ಬಾಗಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ. ಅದು ಏನೆಂದು ಮಗು ತಿರುಗಿ ಹೇಳಲಿ.

ಕುಳಿತುಕೊಳ್ಳುವ ಕೆಲಸಕ್ಕೆ ಮೊದಲು ಮೈಗೆ ಭಾರದ ಕೆಲಸ ಕೊಡುವುದು ಕೆಲವು ಮಕ್ಕಳಿಗೆ ಅನುಕೂಲಕರ: ಬಕೆಟ್‌ನಲ್ಲಿ ನೀರು ತಂದು ಗಿಡಕ್ಕೆ ಹಾಕುವುದು, ಚಪಾತಿ ಹಿಟ್ಟು ನಾದುವುದು, ಮೆಟ್ಟಿಲು ಹತ್ತಿಳಿಯುವುದು. ಕುರ್ಚಿಯಲ್ಲಿ ಕಾಲು ಜೋತಾಡುತ್ತಿದ್ದರೆ ಕೆಳಗೊಂದು ಮಣೆ ಇಡಿ. ಆದರೆ ತೂಕದ ಜಾಕೆಟ್ ಹಾಕಿದರೆ ಗಮನ ತಾನಾಗಿ ಬರುತ್ತದೆ ಎಂದು ದುಬಾರಿ ಸಾಮಗ್ರಿ ಮಾರುವವರ ಮಾತಿಗೆ ಗಟ್ಟಿ ಆಧಾರವಿಲ್ಲ. ಆ ಹಣದಲ್ಲಿ ಚೆಂಡು, ಹಗ್ಗ ಕೊಂಡುಕೊಳ್ಳಬಹುದು.

ಹೆಜ್ಜೆ 5: ಹೇಳುವುದನ್ನು ನಿಲ್ಲಿಸಿ, ಕೇಳಿ

ಇಷ್ಟರವರೆಗೆ ಯೋಜನೆ ನಿಮ್ಮದಾಗಿತ್ತು. ಮಗುವಿಗೆ ಸುಮಾರು ಏಳು ವರ್ಷ ತುಂಬಿದ ನಂತರ ಅದನ್ನು ಅದರ ಕೈಗೇ ದಾಟಿಸಬಹುದು. ಕೆನಡಾದ ಆಕ್ಯುಪೇಷನಲ್ ಥೆರಪಿಸ್ಟ್‌ಗಳಾದ ಹೆಲೀನ್ ಪೊಲಟಾಯ್ಕೊ ಮತ್ತು ಏಂಜೆಲಾ ಮ್ಯಾಂಡಿಚ್, ಚಲನೆಯ ಹೊಂದಾಣಿಕೆಯಲ್ಲಿ ತೊಂದರೆಯಿದ್ದ ಮಕ್ಕಳಿಗಾಗಿ ಕೋ-ಆಪ್ ಎಂಬ ವಿಧಾನವನ್ನು ರೂಪಿಸಿದರು. ಅದರ ನಡುವೆ ಇರುವುದು ನಾಲ್ಕೇ ಮಾತು: ಗುರಿ, ಯೋಜನೆ, ಮಾಡು, ಪರೀಕ್ಷಿಸು. ದೊಡ್ಡವರು ಉತ್ತರ ಹೇಳಕೂಡದು. ಮಗು ತಾನೇ ಕಂಡುಕೊಳ್ಳುವಂತೆ ಪ್ರಶ್ನೆ ಕೇಳಬೇಕು. ಓದುವಾಗ ಇದು ಸುಲಭವೆನಿಸುತ್ತದೆ. ಮಾಡುವಾಗ ನಾಲಿಗೆ ಕಚ್ಚಿಕೊಂಡೇ ಕೂರಬೇಕಾಗುತ್ತದೆ.

ಭಾನುವಾರ ಕೋಸಂಬರಿ ಮಾಡುವುದನ್ನೇ ನೋಡೋಣ. ಒಂಬತ್ತು ವರ್ಷದ ಹುಡುಗಿ ಈ ಕೆಲಸವನ್ನು ತಾನೇ ಆರಿಸಿಕೊಂಡಿದ್ದಾಳೆ. ಗುರಿ: ಮಧ್ಯಾಹ್ನದ ಊಟಕ್ಕೆ ಕೋಸಂಬರಿ.

"ಮೊದಲು ಏನು ಮಾಡ್ತೀಯಾ ಮಗಳೇ?"

"ಸೌತೆಕಾಯಿ ಹೆಚ್ತೀನಿ."

"ಆಮೇಲೆ?"

"ಉಪ್ಪು, ನಿಂಬೆಹಣ್ಣು, ಕಾಯಿತುರಿ. ಬೇಳೆ."

"ಬೇಳೆ ಈಗ ಹೇಗಿದೆ ನೋಡು."

ಅವಳು ಡಬ್ಬಿ ತೆರೆದು ಹೆಸರುಬೇಳೆಯನ್ನು ಮುಟ್ಟಿ ನೋಡುತ್ತಾಳೆ, ಒಂದು ಕಾಳನ್ನು ಕಡಿಯುತ್ತಾಳೆ. "ಅಯ್ಯೋ, ನೆನೆಸೇ ಇಲ್ಲ!" ಎಂದು ಬೇಳೆಯನ್ನು ನೀರಿಗೆ ಹಾಕುತ್ತಾಳೆ; ನೆನೆಯಲು ಒಂದು ಗಂಟೆಯಾದರೂ ಬೇಕು ಎಂಬುದು ಯೋಜನೆಯೊಳಗೆ ಸೇರುತ್ತದೆ. ಇಲ್ಲಿ ತಾಯಿ "ಬೇಳೆ ನೆನೆಸು" ಎಂದಿದ್ದರೆ ಕೆಲಸ ಬೇಗ ಆಗುತ್ತಿತ್ತು, ಮುಂದಿನ ಭಾನುವಾರ ಮತ್ತೆ ಅದನ್ನೇ ಹೇಳಬೇಕಾಗುತ್ತಿತ್ತು.

ಕಾಯುವ ಹೊತ್ತಿನಲ್ಲಿ ಅವಳು ಸೌತೆಕಾಯಿ ಹೆಚ್ಚಿ, ತಡೆಯಲಾರದೆ ಉಪ್ಪನ್ನೂ ಹಾಕಿಬಿಡುತ್ತಾಳೆ. ತಾಯಿ ಸುಮ್ಮನಿರುತ್ತಾಳೆ. ಬೇಳೆ ಬಸಿದು ಬೆರೆಸುವ ಹೊತ್ತಿಗೆ ಪಾತ್ರೆಯ ತಳದಲ್ಲಿ ನೀರು ನಿಂತಿರುತ್ತದೆ. ಸಾಸಿವೆ, ಇಂಗಿನ ಒಗ್ಗರಣೆಯನ್ನು ತಾಯಿಯೇ ಹಾಕಿಕೊಟ್ಟು, ಬಡಿಸಿ ತಿಂದ ಮೇಲೆ ಪರೀಕ್ಷೆಯ ಪ್ರಶ್ನೆ ಬರುತ್ತದೆ: "ಹೇಗಾಯ್ತು? ಏನು ಬದಲಾಯಿಸ್ತೀಯಾ?" "ರುಚಿ ಇದೆ, ಆದರೆ ನೀರಾಯ್ತು." "ನೀರು ಎಲ್ಲಿಂದ ಬಂತು?" ಹುಡುಗಿ ಸ್ವಲ್ಪ ಯೋಚಿಸಿ, ಬಸಿದದ್ದು ಸಾಲದಾಯಿತೇನೋ ಎನ್ನುತ್ತಾಳೆ. ತಾಯಿ ಸೌತೆಕಾಯಿಯ ಒಂದು ಹೋಳಿನ ಮೇಲೆ ಉಪ್ಪು ಸವರಿ ಬದಿಗಿಡುತ್ತಾಳೆ, ಇನ್ನೊಂದಕ್ಕೆ ಸವರುವುದಿಲ್ಲ. ಹತ್ತು ನಿಮಿಷದ ಮೇಲೆ ಉತ್ತರ ತಟ್ಟೆಯಲ್ಲಿಯೇ ಇರುತ್ತದೆ. ಮುಂದಿನ ವಾರದ ಯೋಜನೆಯಲ್ಲಿ, ಅವಳದೇ ಅಕ್ಷರದಲ್ಲಿ, "ಉಪ್ಪು ಕೊನೆಗೆ" ಎಂದು ಬರೆದಿರುತ್ತದೆ. ಅಷ್ಟು ಹೊತ್ತಿನಲ್ಲಿ ಅವಳು ಅನುಕ್ರಮವನ್ನು ಮನಸ್ಸಿನಲ್ಲಿ ಹಿಡಿದಿದ್ದಾಳೆ, ಕಾದಿದ್ದಾಳೆ, ಯೋಜನೆಯನ್ನು ಬದಲಿಸಿದ್ದಾಳೆ. ಮೂರೂ ಎಳೆಗಳಿಗೆ ಕೆಲಸ ಸಿಕ್ಕಿದೆ.

ಅಪಾಯವಿರುವ ಕಡೆ, ಅಂದರೆ ಒಲೆ, ಚೂಪು ಚಾಕು, ರಸ್ತೆಗಳ ವಿಷಯದಲ್ಲಿ, ಈ ಸುಮ್ಮನಿರುವಿಕೆ ಸಲ್ಲದು. ನೀರಾಗುವ ಕೋಸಂಬರಿಯಂಥ ತಪ್ಪುಗಳನ್ನು ಮಾತ್ರ ಆಗಗೊಡಬೇಕು.

ಹೆಜ್ಜೆ 6: ಆಟಕ್ಕೆ ಸಮಯ ಬಿಡಿ

ಕೆರೆ-ದಡ ಆಟವನ್ನು ನೆನಪಿಸಿಕೊಳ್ಳಿ. ನೆಲದ ಮೇಲೆ ಗೆರೆ ಎಳೆದು, "ಕೆರೆ" ಎಂದಾಗ ಒಳಗೆ, "ದಡ" ಎಂದಾಗ ಹೊರಗೆ ನೆಗೆಯಬೇಕು. ದಡದಲ್ಲಿರುವಾಗಲೇ "ದಡ" ಎಂದರೆ ಅಲುಗಾಡಬಾರದು. ನೆಗೆಯಲು ಸಿದ್ಧವಾದ ಕಾಲನ್ನು ತಡೆಯುವ ಆ ಕ್ಷಣವೇ ಹಿಡಿತದ ಅಭ್ಯಾಸ. ಅದು ಸುಲಭವಾದ ಮೇಲೆ ನಿಯಮವನ್ನು ತಿರುಗಿಸಿ, "ಕೆರೆ" ಎಂದರೆ ಹೊರಗೆ, "ದಡ" ಎಂದರೆ ಒಳಗೆ ಎನ್ನಿ. ಆಗ ಹೊಂದಿಕೆಯ ಅಭ್ಯಾಸವಾಗುತ್ತದೆ, ದೊಡ್ಡವರೂ ಎಡವುತ್ತಾರೆ. ಅಳಗುಳಿಮಣೆಯಲ್ಲಿ ಕಾಳು ಎಲ್ಲಿ ಮುಗಿಯುತ್ತದೆಂದು ಮುಂಚೆಯೇ ಎಣಿಸಬೇಕು, ಚೌಕಾಬಾರದಲ್ಲಿ ತನ್ನ ಸರದಿಗೆ ಕಾಯಬೇಕು, ಕಾಯಿ ಹೊಡೆಸಿಕೊಂಡಾಗ ಅಳದೆ ಮತ್ತೆ ಆರಂಭಿಸಬೇಕು. ಬುದ್ಧಿಶಕ್ತಿ ಬೆಳೆಸುತ್ತೇವೆಂದು ಹೇಳಿಕೊಳ್ಳುವ ಮೊಬೈಲ್ ಆ್ಯಪ್‌ಗಳಲ್ಲಿ ಮಕ್ಕಳು ಮುಖ್ಯವಾಗಿ ಆ ಆಟದಲ್ಲಿಯೇ ಚುರುಕಾಗುತ್ತಾರೆ. ಆ ಲಾಭ ಶಾಲೆಯ ಚೀಲದವರೆಗೆ ಬರುವುದು ಅಪರೂಪ.

ಹೆಜ್ಜೆ 7: ಆಸರೆಯನ್ನು ತೆಗೆಯಿರಿ

ಬಹಳ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲಿ. ಚಾರ್ಟ್ ಅಂಟಿಸಿದ ಮೇಲೂ "ಚಾರ್ಟ್ ನೋಡು, ಚಾರ್ಟ್ ನೋಡು" ಎನ್ನುತ್ತಿದ್ದರೆ ಮಗು ಕಲಿಯುವುದು ಅಮ್ಮನ ದನಿಗೆ ಕಾಯುವುದನ್ನು. ಪೂರ್ತಿ ಮಾತಿನಿಂದ ಒಂದು ಪದಕ್ಕೆ, ಪದದಿಂದ ಬೆರಳು ತೋರಿಸುವುದಕ್ಕೆ, ಅಲ್ಲಿಂದ ಬರಿಯ ನೋಟಕ್ಕೆ ಇಳಿಯಿರಿ. ಪ್ರತಿ ಸಲ ನೆರವಾಗುವ ಮೊದಲು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಏಳೆಂಟರ ಹೊತ್ತಿಗೆ ಮಗು ತಾನೇ ಕದಲುವುದನ್ನು ನೋಡಿ ನಿಮಗೇ ಆಶ್ಚರ್ಯವಾದೀತು. ಐದು ದಿನ ನೆರವಿಲ್ಲದೆ ಮಾಡಿದರೆ ಒಂದು ಚಿತ್ರವನ್ನು ಕಿತ್ತುಬಿಡಿ. ಮೆಚ್ಚುಗೆಯಲ್ಲಿ "ಜಾಣ" ಎನ್ನುವುದಕ್ಕಿಂತ "ಬಾಟಲಿ ಮರೆತದ್ದು ನಿನಗೇ ನೆನಪಾಯ್ತಲ್ಲ" ಎನ್ನುವುದು ಉಪಯುಕ್ತ, ಏಕೆಂದರೆ ತಾನು ಮಾಡಿದ್ದು ಏನು ಎಂಬುದು ಅದರಲ್ಲಿದೆ.

ಶಾಲೆ ಮತ್ತು ತಜ್ಞರು

ಶಿಕ್ಷಕರನ್ನು ಭೇಟಿಯಾದಾಗ "ಸ್ವಲ್ಪ ಗಮನ ಕೊಡಿ ಮೇಡಂ" ಎಂದು ಕೇಳಿಕೊಂಡರೆ ಐವತ್ತು ಮಕ್ಕಳ ನಡುವೆ ಅವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ನಿರ್ದಿಷ್ಟವಾದ ಎರಡು ಕೋರಿಕೆ ಇಡಿ: ಕಿಟಕಿ, ಬಾಗಿಲುಗಳಿಂದ ದೂರವಾಗಿ ಮುಂದಿನ ಬೆಂಚು; ದಿನದ ಕೊನೆಯಲ್ಲಿ ಬೋರ್ಡಿನಲ್ಲಿ ಬರೆದ ಹೋಂವರ್ಕ್ ಅಳಿಸುವ ಮೊದಲು ಡೈರಿಯ ಮೇಲೆ ಒಂದು ನೋಟ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿವೆ. ಪರೀಕ್ಷೆಯ ರಿಯಾಯಿತಿಗಳಿಗೆ ಪ್ರಮಾಣಪತ್ರ ಬೇಕಾಗುವುದರಿಂದ ಆ ಓಡಾಟವನ್ನು ಎಸ್ಸೆಸ್ಸೆಲ್ಸಿಯ ವರ್ಷಕ್ಕೆ ಉಳಿಸಿಕೊಳ್ಳಬೇಡಿ.

ಎರಡು ಮೂರು ತಿಂಗಳು ಹೀಗೆ ಮಾಡಿಯೂ ಬದಲಾವಣೆ ಕಾಣದಿದ್ದರೆ, ಅಥವಾ ಕಷ್ಟ ಮನೆಯಲ್ಲೂ ಶಾಲೆಯಲ್ಲೂ ಒಂದೇ ಸಮನಿದ್ದರೆ, ತಜ್ಞರ ಬಳಿ ಹೋಗಬೇಕು. ಕಲಿತಿದ್ದ ಕೌಶಲವನ್ನೇ ಮಗು ಕಳೆದುಕೊಳ್ಳುತ್ತಿದ್ದರೆ ಕಾಯಲೇಬಾರದು. ಮೊದಲು ಮಕ್ಕಳ ವೈದ್ಯರನ್ನು ಕಾಣಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ನೆರವು ಕೊಡುವ ಕೇಂದ್ರಗಳ, ವ್ಯವಸ್ಥೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಎಡಿಎಚ್‌ಡಿಗೆ ಔಷಧಿ ಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ; ಥೆರಪಿ ಅದಕ್ಕೆ ಪರ್ಯಾಯವೆಂದು ಯಾರಾದರೂ ಭರವಸೆ ಕೊಟ್ಟರೆ ಎಚ್ಚರವಿರಲಿ.

ಥೆರಪಿ ಕೇಂದ್ರಕ್ಕೆ ಹೋದಾಗ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ನಿಮ್ಮ ಪದವಿ ಆಕ್ಯುಪೇಷನಲ್ ಥೆರಪಿಯದೇ? ಮೂರು ತಿಂಗಳಲ್ಲಿ ನನ್ನ ಮಗು ಯಾವ ಕೆಲಸವನ್ನು ತಾನೇ ಮಾಡಬೇಕೆಂದು ಗುರಿ ಬರೆದಿದ್ದೀರಿ? ಅವಧಿ ನಡೆಯುವಾಗ ನಾವು ಒಳಗೆ ಕುಳಿತುಕೊಳ್ಳಬಹುದೇ? ವಾರಕ್ಕೆ ಎರಡು ಸಲ 45 ನಿಮಿಷ ಮಗುವನ್ನು ಮುಚ್ಚಿದ ಬಾಗಿಲಿನ ಹಿಂದೆ ಉಯ್ಯಾಲೆಯಲ್ಲಿ ತೂಗಿ, ಮನೆಯಲ್ಲಿ ಏನು ಮಾಡಬೇಕೆಂದು ಹೇಳದ ಕಡೆ ಹಣ ಖರ್ಚು ಮಾಡುವುದಕ್ಕಿಂತ, ನಿಮ್ಮ ನೋಟ್‌ಬುಕ್ಕನ್ನು ತೆರೆದು ಓದಿ "ಹಿಮ್ಮಡಿಯಲ್ಲಿ ಸಿಕ್ಕಿಕೊಳ್ಳುತ್ತದೆ ಅಂತೀರಾ, ತೋರಿಸಿ" ಎನ್ನುವವರನ್ನು ಹುಡುಕಿ.

ದಸರಾ ರಜೆ ಮುಗಿದು ಶಾಲೆ ತೆರೆದ ಮೊದಲ ಸೋಮವಾರ ಎಲ್ಲವೂ ಮರೆತುಹೋದಂತೆ ಕಾಣುವುದು ಸಹಜ. ಆ ದಿನ ಹೊಸದಾಗಿ ಏನನ್ನೂ ಆರಂಭಿಸಬೇಡಿ. ಕಿತ್ತಿದ್ದ ಚಿತ್ರಗಳಲ್ಲಿ ಎರಡನ್ನು ಮತ್ತೆ ಅಂಟಿಸಿ, ವ್ಯಾನ್ ಬರುವುದಕ್ಕೆ ಹತ್ತು ನಿಮಿಷ ಮುಂಚಿತವಾಗಿ ಮಂಚದ ಪಕ್ಕದಲ್ಲಿ ಕುಳಿತು, ಕಾಲುಚೀಲದ ಹಿಮ್ಮಡಿಯನ್ನು ಮಾತ್ರ ನೀವು ದಾಟಿಸಿಕೊಡಿ. ಬುಧವಾರದ ಹೊತ್ತಿಗೆ ಅದನ್ನೂ ಬಿಡಬಹುದು.